ಡ್ರೀಕಮ್ಮನಿಗೆ ದಾಟಿಸದ ಮಾತು

ಅಪ್ಪಾ,

ಇವತ್ತು ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದಾಗ ಹೊರಗೆ ನಿಮಗೆ ಇಷ್ಟವಾಗಿದ್ದ ಮಂಜು ಬಿದ್ದಿತ್ತು. ನೆಲದಿಂದ ಮೊಣಕಾಲೆತ್ತರಕ್ಕೆ ಮಾತ್ರ ಹಬ್ಬುವ ಮಂಜು. ಕಾಲುವೆಯಾಚೆ ನೆರೆಯ ರೈತ ಪೀಟನ ಹಸುಗಳಿಗೆ ಕಾಲುಗಳೇ ಇರಲಿಲ್ಲ. ಕಪ್ಪು ಬಿಳಿ ಬೆನ್ನುಗಳು ಮಾತ್ರ ಸದ್ದಿಲ್ಲದೆ ತೇಲುತ್ತಿದ್ದವು. ಒಂದು ಕ್ಷಣ ಬೇಲಿಯ ಪಕ್ಕದಲ್ಲಿ ನಿಮ್ಮ ಕಂದು ಮಫ್ಲರ್ ಕಂಡಂತಾಯಿತು. ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಇಳಿಸುತ್ತಾ ನೀವು ಹಸುಗಳನ್ನು ಎಣಿಸುತ್ತಿದ್ದಿರಿ. ಆಮೇಲೆ ನೋಡಿದರೆ ಅದು ಬೇಲಿಯ ಗೂಟ, ಅದರ ಮೇಲೆ ಯಾರೋ ಮರೆತುಹೋದ ಗೋಣಿಚೀಲ. ನೀವು ಹೋಗಿ ವರ್ಷ ತುಂಬಿದೆ. ಅದು ಗೊತ್ತಿದ್ದೂ ನಾನು ಆ ಗೂಟವನ್ನು ಇನ್ನೊಮ್ಮೆ ನೋಡಿದೆ.

ಕಾನ್ವೆಂಟಿನ ಹಾಸ್ಟೆಲಿನಿಂದ ನಾನು ನಿಮಗೆ ಕನ್ನಡದಲ್ಲಿ ಕಾಗದ ಬರೆಯುತ್ತಿದ್ದದ್ದು ನೆನಪಿದೆಯೇ? ತಪ್ಪಿದ ಒತ್ತಕ್ಷರಗಳಿಗೆಲ್ಲ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಅದೇ ಕಾಗದವನ್ನು ವಾಪಸು ಕಳಿಸುತ್ತಿದ್ದಿರಿ. ಆಗ ಅಳು ಬರುತ್ತಿತ್ತು. ಈಗ ಈ ಕಾಗದಕ್ಕೂ ಒಂದು ಸುತ್ತು ಹಾಕಿ ಕಳಿಸುವವರಿದ್ದರೆ... ಇರಲಿ. ಇದರಲ್ಲಿ ಒಪ್ಪಿಕೊಳ್ಳಬೇಕಾದ ತಪ್ಪು ಒತ್ತಕ್ಷರದ್ದಲ್ಲ. ಆ ದಿನ ಕಾಲುವೆಯ ದಂಡೆಯಲ್ಲಿ ಕೂತು ನೀವು ಆಚೆ ದಂಡೆಯ ಡ್ರೀಕಮ್ಮನಿಗೆ ಹೇಳೆಂದ ಮಾತನ್ನು ನಾನು ಅವರಿಗೆ ಹೇಳಲೇ ಇಲ್ಲ. ಹೇಳಿದ್ದೇನೆಂದು ನೀವು ನಂಬಿದಿರಿ. ಹಾಗೇ ನಂಬಿಕೊಂಡೇ ಹೋದಿರಿ.

ಆ ವರ್ಷ ನೀವು ಈ ಡಚ್ ಊರಿಗೆ ಬಂದದ್ದು ಬರೀ ಆರು ವಾರಕ್ಕೆ. ಅಮ್ಮ ಹೋದ ಮೇಲೆ ನನ್ನ ತಮ್ಮ ಗಿರೀಶನ ಮನೆ ಬಿಟ್ಟು ಎಲ್ಲೂ ಹೋಗದಿದ್ದವರನ್ನು ನಾನೇ ಹಟ ಮಾಡಿ ಕರೆಸಿಕೊಂಡಿದ್ದೆ. ಅಷ್ಟರಲ್ಲಿ ಸೋಂಕು ಹರಡಿ ವಿಮಾನಗಳು ನಿಂತವು. ಊರಿನ ಗೆಳೆಯರಿಗೆ ಫೋನ್ ಮಾಡಿ ನೀವು ನಗುತ್ತಿದ್ದಿರಿ: “ಬೆಸ್ಟ್ ಅನ್ನೋ ಊರಲ್ಲಿ ಸಿಕ್ಕಿಹಾಕ್ಕೊಂಡಿದೀನಿ ಅಂದ್ರೆ ಯಾವನಯ್ಯಾ ಅಯ್ಯೋ ಪಾಪ ಅಂತಾನೆ?” ಮನೆಯೊಳಗೆ ಮಾತ್ರ ನಿಮಗೆ ಜಾಗವೇ ಇರಲಿಲ್ಲ. ಮಹಡಿಯ ಮೇಲೆ ನಿಮ್ಮ ಅಳಿಯ ರಘುವಿನ ಮೀಟಿಂಗು, ಊಟದ ಮೇಜಿನ ಮೇಲೆ ನನ್ನದು, ಸೋಫಾದಲ್ಲಿ ನಿಧಿಯ ಆನ್‌ಲೈನ್ ಕ್ಲಾಸು. “ಶ್, ತಾತ!” ಎಂದು ದಿನಕ್ಕೆ ಹತ್ತು ಸಲ ಅವಳು ಬೆರಳು ತೋರಿಸಿದ ಮೇಲೆ ನೀವು ಒಂದು ಮಡಚುವ ಕುರ್ಚಿ ಹಿಡಿದು ಹಿತ್ತಲಿಗೆ ಹೋದಿರಿ. ಹಿತ್ತಲಿನ ಕೊನೆಯಲ್ಲಿ ಕಾಲುವೆ, ಕಾಲುವೆಯಾಚೆ ಪೀಟನ ಕೊಟ್ಟಿಗೆ. ಕೊಟ್ಟಿಗೆಯ ಗೋಡೆಗೊರಗಿದ ಬೆಂಚಿನ ಮೇಲೆ ನೀಲಿ ಏಪ್ರನ್ ಕಟ್ಟಿಕೊಂಡು ಕೂತಿದ್ದರು ಪೀಟನ ತಾಯಿ ಡ್ರೀಕಾ. ತೊಂಬತ್ತು ದಾಟಿದ್ದರೂ ಬೆನ್ನು ನೆಟ್ಟಗೆ.

ಮೊದಲ ದಿನ ನಿಮ್ಮ ಹಿಂದೆಯೇ ಬಂದು ಪರಿಚಯ ಮಾಡಿಸಿದವಳು ನಾನು. ನೀವು ಮೊದಲು ಹಸುಗಳ ಕಡೆ ನೋಡಿ, ಆಮೇಲೆ ಅವರ ಕಡೆ ತಿರುಗಿ ಕೈಮುಗಿದಿರಿ. “ಡ್ರೀಕಾ ಅಂತ ಬರೀ ಹೆಸರು ಹಿಡಿದು ಕರೆಯೋಕಾಗುತ್ತಾ ಅಷ್ಟು ದೊಡ್ಡೋರನ್ನ?” ಎಂದು ನನ್ನನ್ನೇ ಗದರಿ ಅವರನ್ನು ಡ್ರೀಕಮ್ಮ ಮಾಡಿಬಿಟ್ಟಿರಿ. ಜನ ಒಬ್ಬರಿಂದೊಬ್ಬರು ದೂರ ಇರಬೇಕೆಂದು ಸರ್ಕಾರ ಹೇಳಿದ್ದ ಒಂದೂವರೆ ಮೀಟರನ್ನು ಆ ಕಾಲುವೆ ಮೊದಲೇ ಅಳೆದು ಇಟ್ಟಿತ್ತು. ಅದರ ಮೇಲೆ ಪೀಟ್ ಒಂದು ಹಲಗೆ ಹಾಕಿಕೊಟ್ಟ. ದಿನಾ ಹತ್ತು ಗಂಟೆಗೆ ಡ್ರೀಕಮ್ಮ ಹಲಗೆಯ ತುದಿಯಲ್ಲಿ ಕಾಫಿಯ ಲೋಟ, ಪಕ್ಕದಲ್ಲಿ ಒಂದು ಬಿಸ್ಕತ್ತು ಇಟ್ಟು ಹಿಂದೆ ಸರಿಯುತ್ತಿದ್ದರು. ನೀವು ದೇವರ ಪ್ರಸಾದದ ಹಾಗೆ ಬಗ್ಗಿ ತೆಗೆದುಕೊಳ್ಳುತ್ತಿದ್ದಿರಿ. ಎರಡು ಮೀಟಿಂಗುಗಳ ನಡುವೆ ನಾನು ಬಂದು ಹುಲ್ಲಿನ ಮೇಲೆ ಕೂತು, ನಿಮ್ಮ ಕನ್ನಡವನ್ನು ಆ ಕಡೆಗೂ ಅವರ ಡಚ್ಚನ್ನು ಈ ಕಡೆಗೂ ದಾಟಿಸುತ್ತಿದ್ದೆ.

“ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಬಿಟ್ರಲ್ಲಮ್ಮ! ಇಲ್ಲೂ ಲಿಮಿಟ್ಟಾ?” ಎಂದಿರಿ ಒಂದು ದಿನ, ಮುಖದಲ್ಲಿ ನಗುವಿಲ್ಲದೆ. ಅದನ್ನು ನಾನು “ಬಿಸ್ಕತ್ತು ಬಹಳ ರುಚಿಯಾಗಿದೆಯಂತೆ” ಎಂದು ಡ್ರೀಕಮ್ಮನಿಗೆ ಹೇಳಿದೆ. ಅವರು ತಲೆಯಾಡಿಸಿದರು. ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ತಮಾಷೆ ಅದು. ಮಾತನ್ನು ನನಗೆ ಬೇಕಾದ ಹಾಗೆ ತಿದ್ದುವ ಚಟ ಅಲ್ಲಿಂದಲೇ ಶುರುವಾಯಿತೇ? ಅಥವಾ ಅದು ಇನ್ನೂ ಹಳೆಯದೇ?

ಮೇ ತಿಂಗಳಲ್ಲಿ ಪಾಪ್ಲರ್ ಮರಗಳು ಹತ್ತಿ ಬಿಡಲು ಶುರು ಮಾಡಿದವು. ಗಾಳಿಯೇ ಇಲ್ಲದಿದ್ದರೂ ಬಿಳಿಯ ಎಳೆಗಳು ಇಳಿಯುತ್ತಲೇ ಇದ್ದವು. ನಿಮ್ಮ ಮಫ್ಲರಿನ ಮೇಲೆ, ಹಲಗೆಯ ಮೇಲೆ, ಕಾಫಿಯ ನೊರೆಯ ಮೇಲೆ. ಆ ದಿನಗಳಲ್ಲಿ ಹೋಟೆಲುಗಳೆಲ್ಲ ಮುಚ್ಚಿದ್ದರಿಂದ ಚಿಪ್ಸಿಗೆಂದು ಬೆಳೆದ ಆಲೂಗಡ್ಡೆಯನ್ನು ಕೇಳುವವರಿರಲಿಲ್ಲ. ಪೀಟ್ ಒಂದು ಮೂಟೆ ತಂದು ನಮ್ಮ ಬಾಗಿಲಲ್ಲೂ ಸುರಿದಿದ್ದ. ನೀವು ವಾರಪೂರ್ತಿ ಪಲ್ಯ ಮಾಡಿಸಿದಿರಿ. ಅದೇ ವಾರ ಹಾಲಿನ ಕಾರ್ಖಾನೆಯಿಂದ ಅವನಿಗೊಂದು ಕಾಗದ ಬಂತು: ಸ್ವಲ್ಪ ದಿನ ಹಾಲು ಕಡಿಮೆ ಕಳಿಸಿ. ಪೀಟ್ ಅದನ್ನು ಓದಿ ಬೈದುಕೊಳ್ಳುತ್ತಾ ಒಳಗೆ ಹೋದ. ಡ್ರೀಕಮ್ಮ ನಕ್ಕರು. “ಇವನು ಮೊದಲ ಸಲ ನೋಡ್ತಿದಾನೆ. ನಾನು ಎರಡನೇ ಸಲ” ಎಂದರು.

ಅವರಿಗಾಗ ಎಂಟು ವರ್ಷವಂತೆ. ಇಡೀ ಜಗತ್ತಿನಲ್ಲೇ ವ್ಯಾಪಾರ ಮುರಿದುಬಿದ್ದಿತ್ತು. ಬೆಣ್ಣೆ ಕೊಳ್ಳುವವರಿಲ್ಲ, ಮಾಂಸ ಕೊಳ್ಳುವವರಿಲ್ಲ, ಪಟ್ಟಣದಲ್ಲಿ ಕೆಲಸವಿಲ್ಲದವರ ಸಾಲು. ದೇಶದಲ್ಲಿ ದನಗಳು ಹೆಚ್ಚಾಗಿವೆ, ಒಂದೊಂದು ಮನೆಗೆ ಇಷ್ಟೇ ಕರು ಎಂದು ಸರ್ಕಾರ ಗೊತ್ತು ಮಾಡಿತು. ಬದುಕಲು ಅಪ್ಪಣೆ ಸಿಕ್ಕ ಪ್ರತಿ ಕರುವಿಗೂ ಒಂದು ಹಾಳೆ. ಅದರ ಮೇಲೆ ಕರುವಿನ ಬರೀ ಅಂಚು ಅಚ್ಚಾಗಿರುತ್ತಿತ್ತು. ಅಧಿಕಾರಿ ಬಂದು, ಕರುವಿನ ಎದುರು ಮಣೆ ಹಾಕಿಕೊಂಡು ಕೂತು, ಅದರ ಮೈಮೇಲಿನ ಕಪ್ಪು ಮಚ್ಚೆಗಳನ್ನು ಪೆನ್ಸಿಲಿನಲ್ಲಿ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದ. ನೀವು ಕಾಫಿ ಕುಡಿಯುವುದನ್ನು ಮರೆತು ಕೇಳುತ್ತಿದ್ದಿರಿ. ನನಗೂ ಅದು ಕನಸಿನಂತೆ ಕಂಡಿತ್ತು, ಅಪ್ಪ. ಒಂದು ದೇಶದ ಸರ್ಕಾರ ಕರುಗಳ ಚಿತ್ರ ಬರೆಯುತ್ತಾ ಕೂರುವುದು!

“ನಮಗೆ ಎರಡು ಹಾಳೆ ಸಿಕ್ಕಿತ್ತು. ಹುಟ್ಟಿದ್ದು ಮೂರು” ಎಂದರು ಡ್ರೀಕಮ್ಮ. “ಮೂರನೇದನ್ನು ಕೊಡಬೇಕಾಗಿತ್ತು. ಅಷ್ಟರಲ್ಲಿ ಹಾಳೆ ಇದ್ದ ಕರುವೊಂದು ಸತ್ತುಹೋಯಿತು. ಅಪ್ಪ ಯಾರಿಗೂ ಹೇಳದೆ ಅದನ್ನು ಹೂತು, ಅದರ ಹಾಳೆಯನ್ನು ಮೂರನೇದಕ್ಕೆ ಇಟ್ಟುಕೊಂಡರು. ಭುಜದ ಮೇಲೆ ಒಂದು ಮಚ್ಚೆ ಮಾತ್ರ ಕಡಿಮೆಯಿತ್ತು. ಮಸಿಗೆ ಹಂದಿಯ ಕೊಬ್ಬು ಕಲಸಿ ಬಳಿದೆವು. ಬಳಿದವಳು ನಾನೇ. ಬೆಳಿಗ್ಗೆ ಅಧಿಕಾರಿ ಬಂದ, ಹಾಳೆ ನೋಡಿದ, ಕರುವಿನ ಭುಜ ತಟ್ಟಿದ. ಕೈ ತೆಗೆದರೆ ಅಂಗೈಯೆಲ್ಲ ಕಪ್ಪು.” ಅವರು ತಮ್ಮ ಅಂಗೈ ಬಿಡಿಸಿ ತೋರಿಸಿದರು. ಅದರ ಮೇಲೊಂದು ಬಿಳಿಯ ಎಳೆ ಬಂದು ಕೂತಿತು. “ನನ್ನನ್ನೇ ನೋಡಿದ. ನಗುತ್ತಾನೆ ಅಂದುಕೊಂಡೆ. ಕರವಸ್ತ್ರ ತೆಗೆದು ಕೈ ಒರೆಸಿಕೊಂಡು, ಕರುವನ್ನು ಹೊಡೆದುಕೊಂಡು ಹೋದ. ಎಣಿಕೆ ಸರಿಯಾಗಿತ್ತು, ಚಿತ್ರ ಮಾತ್ರ ತಪ್ಪು. ಅದು ಡಬ್ಬಿಯ ಮಾಂಸವಾಗಿ ಪಟ್ಟಣಕ್ಕೆ ಹೋಯಿತು. ಅವನನ್ನ ನಾನು ಇವತ್ತಿಗೂ ಕ್ಷಮಿಸಿಲ್ಲ. ಅವನು ಕೆಟ್ಟವನ ಹಾಗೆ ಇರಲಿಲ್ಲ. ಅದಕ್ಕೇ ಕ್ಷಮಿಸೋಕಾಗಲ್ಲ.”

ನೀವು ಆರಿಹೋದ ಕಾಫಿಯನ್ನು ಹಲಗೆಯ ಮೇಲಿಟ್ಟಿರಿ. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಿರಿ:

“ಅವರಿಗೆ ಹೇಳಮ್ಮ, ನಾನೂ ಅದೇ ಕೆಲಸ ಮಾಡಿದೋನು ಅಂತ. ಹೊಗೆಸೊಪ್ಪು ಬೆಳೆಯೋರ ಮನೆಗಳಿಗೆ ಹೋಗಿ, ಸೊಪ್ಪು ಬೇಯಿಸೋ ಬ್ಯಾರನ್ನು ಗೂಡುಗಳು ಎಷ್ಟಿವೆ, ಸೊಪ್ಪು ಎಷ್ಟಿದೆ ಅಂತ ನೋಡ್ತಿದ್ದೆ. ಒಂದು ವರ್ಷ ಮಾಲು ಜಾಸ್ತಿಯಾಗಿ ಕೇಳೋರಿಲ್ದೆ ಹೋಯ್ತು. ಬ್ಯಾರನ್ನಿಗೆ ಇಷ್ಟೇ ಅಂತ ಮೇಲಿಂದ ಆರ್ಡರ್ ಬಂತು. ಪಿರಿಯಾಪಟ್ಟಣದ ಹತ್ರ ಒಂದು ಮನೇಲಿ ಮಿಕ್ಕಿದ ಸೊಪ್ಪನ್ನ ಬಾಣಂತಿ ಕೋಣೇಲಿ ಬಚ್ಚಿಟ್ಟಿದ್ರು. ಗಂಡಸು ಯಾರೂ ಒಳಗೆ ಬರಲ್ಲ ಅನ್ನೋ ಧೈರ್ಯ. ನನಗೆ ಬಾಗಿಲಲ್ಲೇ ವಾಸನೆ ಗೊತ್ತಾಯ್ತು. ಕೂಸನ್ನೆತ್ಕೊಂಡು ಈಚೆ ಬಾರಮ್ಮ ಅಂದೆ. ಪುಟ್ಟತಾಯಮ್ಮ ಅಂತ. ಹೆತ್ತು ಹನ್ನೊಂದು ದಿನ. ಕಿವೀಲಿ ಹತ್ತಿ, ತಲೆಗೆ ಬಟ್ಟೆ. ಸೊಪ್ಪೆಲ್ಲ ಹೊರಗೆ ತರೋವರೆಗೂ ಅಂಗಳದ ಗಾಳೀಲಿ ನಿಂತಿದ್ಲು. ಒಂದು ಮಾತಾಡ್ಲಿಲ್ಲ. ನನ್ನನ್ನೇ ನೋಡ್ತಿದ್ಲು.” ನೀವು ಮಫ್ಲರನ್ನು ಕಿವಿಯ ಮೇಲೆ ಎಳೆದುಕೊಂಡಿರಿ. “ಕೇಳಮ್ಮ ಅವರನ್ನ. ಅಂಥೋನನ್ನ ಯಾರಾದ್ರೂ ಕ್ಷಮಿಸೋಕಾಗುತ್ತಾ ಅಂತ.”

ಈಗ ನಾನು ಅವರಿಗೆ ಡಚ್ಚಿನಲ್ಲಿ ಹೇಳಿದ್ದನ್ನು ಕೇಳಿ, ಅಪ್ಪ. “ನಮ್ಮಪ್ಪ ಊರಲ್ಲಿ ರೈತರ ಜೊತೆ ಕೆಲಸ ಮಾಡುತ್ತಿದ್ದರು. ನಿಮ್ಮ ಕರುವಿನ ಕಥೆ ಕೇಳಿ ಅವರಿಗೆ ತುಂಬಾ ದುಃಖವಾಗಿದೆ.” ಅಷ್ಟೇ. ಡ್ರೀಕಮ್ಮ ನನ್ನನ್ನು ನೋಡಲಿಲ್ಲ. ನಿಮ್ಮನ್ನೇ ನೋಡುತ್ತಾ ಎದೆಯ ಮೇಲೆ ಕೈಯಿಟ್ಟು, ನಿಧಾನವಾಗಿ ತಲೆ ಬಾಗಿಸಿದರು. ನೀವು ಕುರ್ಚಿಯಿಂದ ಎದ್ದು ನಿಂತು ಕೈಮುಗಿದಿರಿ. ನಿಮ್ಮಿಬ್ಬರ ನಡುವೆ ನೀರಿನ ಮೇಲೆ ಹತ್ತಿ ಬೀಳುತ್ತಲೇ ಇತ್ತು.

ಹಿಂದಿನಿಂದ ನಿಧಿ ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. ಹನ್ನೆರಡು ವರ್ಷದವಳು, ಡಚ್ ನನಗಿಂತ ಚೆನ್ನಾಗಿ ಬಲ್ಲವಳು. ಅಡುಗೆಮನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. “ಅಮ್ಮಾ, ತಾತ ಹೇಳಿದ್ದು ಅದಲ್ಲ.”

“ದೊಡ್ಡವರ ಮಾತು ಕಣೇ. ಬಿಡು.”

“ಆದ್ರೆ ತಾತ ಒಂದು ಕ್ವೆಶ್ಚನ್ ಕೇಳಿದ್ರು. ನೀನು ಕೇಳ್ಲೇ ಇಲ್ಲ. ದಟ್ಸ್ ನಾಟ್ ಫೇರ್.”

ಯಾಕೆ ಕೇಳಲಿಲ್ಲ ನಾನು? ಡ್ರೀಕಮ್ಮ ಮುಖ ತಿರುಗಿಸಿಬಿಟ್ಟರೆ ನಿಮಗೆ ಆ ಹಲಗೆ, ಆ ಹತ್ತು ಗಂಟೆಯ ಕಾಫಿ ಎಲ್ಲ ಹೋಗುತ್ತದೆಂಬ ಹೆದರಿಕೆ ಇತ್ತು, ನಿಜ. ಆದರೆ ಬರೀ ಅದೇ ಆಗಿತ್ತೇ? ಇದೇ ಬೀದಿಯಲ್ಲಿ ಇನ್ನೂ ಇಪ್ಪತ್ತು ವರ್ಷ ಬಾಳಬೇಕಾದವಳು ನಾನು. ಬಾಣಂತಿಯನ್ನು ಹೊರಗೆ ನಿಲ್ಲಿಸಿದವನ ಮಗಳು ಎನಿಸಿಕೊಳ್ಳುವುದು ನನಗೆ ಬೇಡವಾಗಿತ್ತೇ? ಆ ಸಂಜೆ ನೀವು ಎರಡು ಚಪಾತಿ ಹೆಚ್ಚು ತಿಂದಿರಿ. ಊರಿನ ಗೆಳೆಯರಿಗೆ ಫೋನ್ ಮಾಡಿ, “ಕ್ಷಮಿಸಿಬಿಟ್ರು ಕಣಯ್ಯ ಆಯಮ್ಮ, ಎದೆ ಮೇಲೆ ಕೈಯಿಟ್ಟು!” ಎಂದಿರಿ. ಪಾತ್ರೆ ತೊಳೆಯುತ್ತಿದ್ದ ನನಗೆ ಥಟ್ಟನೆ ನೆನಪಾಯಿತು. ನಾನು ಒಂಬತ್ತು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ನೀವು ಕೆಲಸದಿಂದ ಬಂದವರು ಯಾರನ್ನೂ ಮಾತಾಡಿಸದೆ ಸೀದಾ ಬಚ್ಚಲಿಗೆ ಹೋಗಿದ್ದಿರಿ. ನೀರು ಸುರಿಯುವ ಸದ್ದು ನಿಲ್ಲಲೇ ಇಲ್ಲ. “ಎಷ್ಟು ಕೊಡ ಹುಯ್ಕೋತೀರಿ? ಹಂಡೆ ಖಾಲಿ!” ಎಂದು ಅಮ್ಮ ಬಾಗಿಲು ಬಡಿದಿದ್ದಳು. ಅದು ಆ ದಿನವೇ?

ಜುಲೈಯಲ್ಲಿ ನಿಮಗೆ ವಿಶೇಷ ವಿಮಾನದಲ್ಲಿ ಜಾಗ ಸಿಕ್ಕಿತು. ಹೊರಡುವ ಬೆಳಿಗ್ಗೆ ಹಲಗೆಯ ಮೇಲೆ ಕಾಫಿಯ ಲೋಟ ಇರಲಿಲ್ಲ. ಬಿಸ್ಕತ್ತಿನ ಡಬ್ಬಿಯೇ ಇತ್ತು, ಪೂರ್ತಿ ತುಂಬಿದ್ದು. “ಲಿಮಿಟ್ ತೆಗೆದುಬಿಟ್ರಲ್ಲಮ್ಮ!” ಎಂದಿರಿ, ಕಣ್ಣೊರೆಸಿಕೊಳ್ಳುತ್ತಾ. ಆ ಡಬ್ಬಿ ಮೈಸೂರಿನಲ್ಲಿ ನಿಮ್ಮ ಮಂಚದ ಪಕ್ಕದಲ್ಲೇ ಇತ್ತೆಂದು, ಅದರಲ್ಲಿ ಮಾತ್ರೆ ಇಟ್ಟುಕೊಳ್ಳುತ್ತಿದ್ದಿರೆಂದು ಗಿರೀಶ ಹೇಳಿದ.

ಮರುವರ್ಷದ ಆ ಕೊನೆಯ ಫೋನು... ಗಿರೀಶ ಆಸ್ಪತ್ರೆಯ ನರ್ಸನ್ನು ಕಾಡಿ ಬೇಡಿ ಎರಡು ನಿಮಿಷ ನಿಮ್ಮ ಮುಖ ತೋರಿಸಿದ್ದ. ಆಮ್ಲಜನಕದ ಮುಖವಾಡದ ಒಳಗಿಂದ ನೀವು ವಿಚಾರಿಸಿದ್ದು ನಿಧಿಯನ್ನಲ್ಲ, ರಘುವನ್ನಲ್ಲ. “ಡ್ರೀಕಮ್ಮ ಹೇಗಿದಾರೆ?” ಚೆನ್ನಾಗಿದಾರೆ, ನಿಮ್ಮನ್ನ ಕೇಳ್ತಿರ್ತಾರೆ ಎಂದೆ. ಅದು ನಿಜವೇ. “ಕ್ಷಮಿಸಿದ್ರಲ್ಲ ಅವರು” ಎಂದಿರಿ. ಹೂಂ ಅಪ್ಪ ಎಂದೆ. ಅದು ಸುಳ್ಳು. ನಿಮಗೆ ನಾನು ಹೇಳಿದ ಕೊನೆಯ ಮಾತೇ ಅದು.

ಆಮೇಲೆ ನೀವು ಕನಸಿಗೆ ಬರತೊಡಗಿದಿರಿ. ಯಾವಾಗಲೂ ಅದೇ ಮಂಜು, ಅದೇ ಕಾಲಿಲ್ಲದ ಹಸುಗಳು. ಹಲಗೆಯ ಈ ತುದಿಯಲ್ಲಿ ನಿಂತು “ಹೇಳಮ್ಮ” ಎನ್ನುತ್ತೀರಿ. ನಾನು ಬಾಯಿ ತೆರೆದರೆ ಒಳಗೆ ಯಾವ ಭಾಷೆಯೂ ಇಲ್ಲ, ಬರೀ ಬಿಳಿಯ ಹತ್ತಿ. ಡ್ರೀಕಮ್ಮ ಹಾಳೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಏನನ್ನೋ ಬರೆಯುತ್ತಿರುತ್ತಾರೆ. ಬಗ್ಗಿ ನೋಡಿದರೆ ಅದು ಕರುವಿನ ಚಿತ್ರವಲ್ಲ, ನನ್ನ ಮುಖದ ಅಂಚು. ಮಚ್ಚೆ ಎಲ್ಲಿ ಹಾಕಬೇಕೆಂದು ಅವರು ನನ್ನನ್ನೇ ಕೇಳುತ್ತಾರೆ.

ಹೋದ ಭಾನುವಾರ ಎದ್ದು ಸೀದಾ ಅವರ ಮನೆಗೆ ಹೋದೆ. ಈಗ ಅಂತರ, ಮುಖವಾಡ ಏನೂ ಇಲ್ಲ. ಆ ಹಲಗೆಯ ಮೇಲೆ ಮೊದಲ ಸಲ ನಡೆದು ದಾಟಿದೆ. ಡ್ರೀಕಮ್ಮನ ಕಣ್ಣು ಮಂದವಾಗಿದೆ, ಬೆನ್ನು ಮಾತ್ರ ಇನ್ನೂ ನೆಟ್ಟಗೆ. ಸರ್ಕಾರ ಮತ್ತೆ ದನ ಕಡಿಮೆ ಮಾಡಿ ಎನ್ನುತ್ತಿದೆಯಂತೆ, ಈ ಸಲ ಗಾಳಿ, ಮಣ್ಣು ಕೆಡುತ್ತಿದೆಯೆಂದು. ಪೀಟ್ ಅದರ ಯೋಚನೆಯಲ್ಲೇ ಇದ್ದಾನೆಂದು ಹೇಳಿ ಕಾಫಿ ಸುರಿದರು. ಡಬ್ಬಿ ತೆರೆದು ಒಂದು ಬಿಸ್ಕತ್ತು ಕೊಟ್ಟು ಮುಚ್ಚಿದರು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದೆ. ಬ್ಯಾರನ್ನು, ಆರ್ಡರು, ಕೋಣೆಯ ಬಾಗಿಲಿನ ವಾಸನೆ. ಬಾಣಂತಿ ಎನ್ನುವುದಕ್ಕೆ ಡಚ್ಚಿನಲ್ಲಿ ಒಂದು ಪದವಿದೆ, ಅಪ್ಪ. ನಾನು ಓದಿದ ಇಂಗ್ಲಿಷಿನಲ್ಲಿ ನನಗೆ ಸಿಗದ ಪದ ಅದು. ಇಲ್ಲಿಯವರೂ ಬಾಣಂತಿಯನ್ನು ಬೆಚ್ಚಗೆ ಒಳಗಿಟ್ಟು ನೋಡಿಕೊಳ್ಳುವ ಜನವೇ. ಹಾಗಾಗಿ ಭಾಷೆ ಸಾಲಲಿಲ್ಲ ಎಂಬ ನೆಪವೂ ನನಗೆ ಉಳಿಯಲಿಲ್ಲ.

ಅವರು ಕೊನೆಯವರೆಗೂ ಕೇಳಿ, “ಗೊತ್ತಿತ್ತು” ಎಂದರು.

ನಾನು ಬೆಚ್ಚಿದೆ. “ಯಾರು ಹೇಳಿದರು?”

“ನಿನ್ನಪ್ಪನೇ. ಮೊದಲ ದಿನ ನನಗೆ ಕೈಮುಗಿಯುವ ಮುಂಚೆ ನಮ್ಮ ಹಸುಗಳನ್ನು ಎಣಿಸಿದ. ತುಟಿ ಅಲ್ಲಾಡಿಸದೆ, ಹೆಬ್ಬೆರಳಲ್ಲಿ. ಇನ್ನೊಬ್ಬರ ದನವನ್ನು ಹಾಗೆ ಎಣಿಸುವವರು ಯಾರು ಅಂತ ನನಗೆ ಗೊತ್ತಿಲ್ಲವಾ? ಆಮೇಲೆ ಆ ದಿನ ಅವನು ಅಷ್ಟುದ್ದ ಮಾತಾಡಿದ, ನೀನು ಅದನ್ನ ಇಷ್ಟು ಗಿಡ್ಡ ಮಾಡಿದೆ. ನಾನು ನಿನ್ನ ಮಾತು ಕೇಳಲಿಲ್ಲ. ಅವನ ಮುಖ ನೋಡಿದೆ.”

“ಹಾಗಾದರೆ ಎದೆಯ ಮೇಲೆ ಕೈಯಿಟ್ಟದ್ದು... ಕ್ಷಮಿಸಿದ್ದಾ?”

“ಅಲ್ಲ” ಎಂದರು, ತಟ್ಟನೆ. “ಅದು ಆ ಬಾಣಂತಿ ಮಾಡಬೇಕಾದ ಕೆಲಸ, ನನ್ನದಲ್ಲ. ನಾನು ಕೇಳಿಸಿಕೊಂಡೆ, ಅಷ್ಟೇ. ಆ ಕಪ್ಪು ಕೈಯವನು ಒಂದು ದಿನ ವಾಪಸು ಬಂದು ಏನಾದರೂ ಹೇಳುತ್ತಾನೆ ಅಂತ ನಮ್ಮಮ್ಮ ಕಾದಳು. ಬರಲಿಲ್ಲ. ನಿನ್ನಪ್ಪ ದಿನಾ ಹತ್ತು ಗಂಟೆಗೆ ಬರುತ್ತಿದ್ದ.” ಕಿಟಕಿಯ ಕಡೆ ತಿರುಗಿ, “ಬೆಳಿಗ್ಗೆ ಎದ್ದರೆ ಅವನ ದಾರಿ ನೋಡುತ್ತಿದ್ದೆ” ಎಂದರು. ಅವರ ಕೈ ಡಬ್ಬಿಯನ್ನು ಹುಡುಕಿ, ಮುಚ್ಚಳ ತೆಗೆದು, ನನ್ನ ಕಡೆಗೆ ತಳ್ಳಿತು. ಮತ್ತೆ ಮುಚ್ಚಲಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಗಿರೀಶನಿಗೆ ಹೇಳಿದೆ. ಮೂರು ದಿನ ಬಿಟ್ಟು ಅವನೇ ಫೋನ್ ಮಾಡಿದ. ನಿಮ್ಮ ಹಳೆಯ ಜೊತೆಗಾರರೊಬ್ಬರನ್ನು ಹಿಡಿದು ಊರು ಪತ್ತೆ ಮಾಡಿದ್ದಾನೆ. ಪುಟ್ಟತಾಯಮ್ಮ ಇದ್ದಾರೆ, ಅಪ್ಪ. ಅದೇ ಮನೆಯಲ್ಲಿ. ಅಂದು ಅಂಗಳದಲ್ಲಿ ಅವರ ತೋಳಿನಲ್ಲಿದ್ದ ಆ ಕೂಸಿಗೆ ಈಗ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ಅದನ್ನು ಕೇಳಿದಾಗ ನನಗಾದದ್ದನ್ನು ಏನೆಂದು ಬರೆಯಲಿ? ಆ ಗಾಳಿ ಕೂಸಿಗೆ ತಾಕಿತೋ ಏನೋ ಎಂದು ನೀವು ಇಷ್ಟು ವರ್ಷ ಯಾರನ್ನೂ ಕೇಳದೆ ಉಳಿದಿರಲ್ಲ. ತಾಕಲಿಲ್ಲ, ಅಪ್ಪ.

ಜುಲೈಯಲ್ಲಿ ನಾನೂ ನಿಧಿಯೂ ಊರಿಗೆ ಬರುತ್ತೇವೆ. ಅವರ ಅಂಗಳದಲ್ಲಿ ನಿಂತು, ಅವರು ಒಳಗೆ ಕರೆದರೆ ಮಾತ್ರ ಒಳಗೆ ಹೋಗಿ, ಆ ದಿನ ನೀವು ಹೇಳಿದ್ದನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ. ನೀವು ಕೇಳಿದ ಪ್ರಶ್ನೆಯನ್ನೂ ಕೇಳುತ್ತೇನೆ. ಡ್ರೀಕಮ್ಮ ತಮ್ಮ ಕರುವಿನ ಕಥೆಯನ್ನೂ ಅವರಿಗೆ ಹೇಳಿಬಾ ಎಂದಿದ್ದಾರೆ. ತಪ್ಪಿದಲ್ಲಿ ತಿದ್ದಲು ನಿಧಿ ಪಕ್ಕದಲ್ಲಿರುತ್ತಾಳೆ. ಪುಟ್ಟತಾಯಮ್ಮ ಏನು ಹೇಳುತ್ತಾರೋ ಗೊತ್ತಿಲ್ಲ. ಬೈಯಬಹುದು, ಬಾಗಿಲು ಹಾಕಿಕೊಳ್ಳಬಹುದು, ಅಂದಿನ ಹಾಗೆ ಸುಮ್ಮನೆ ನೋಡುತ್ತಾ ನಿಲ್ಲಬಹುದು. ಏನೇ ಆಗಲಿ, ಮೈಸೂರಿಗೆ ಬಂದು ನಿಮ್ಮ ಫೋಟೋದ ಎದುರು ಕೂತು ಅದನ್ನೇ ನಿಮಗೆ ಹೇಳುತ್ತೇನೆ. ಈ ಸಲ ಒಂದು ಮಾತನ್ನೂ ಗಿಡ್ಡ ಮಾಡುವುದಿಲ್ಲ.

ನಿಮ್ಮ ಮಗಳು,
ಸುಮಾ